ಕೈಗೆ ಕೊಡಬಾರದ ಚಾಕು

"ಈಳಿಗೆಮಣೆ ಇರೋ ಮನೆಗೆ ಇಷ್ಟು ದುಬಾರಿ ಚಾಕು ಯಾಕ್ರೀ ಬೇಕಿತ್ತು?" ನಾನು ಮಡಿಚುವ ಚಾಕು ಕೊಂಡು ತಂದ ದಿನ ನನ್ನ ಹೆಂಡತಿ ಕೇಳಿದ ಪ್ರಶ್ನೆ ಇದು. ನನಗೆ ರೇಗಿಹೋಯಿತು. ಇಷ್ಟಪಟ್ಟು ತಂದದ್ದಕ್ಕೂ ಕಾರಣ ಹೇಳಬೇಕೇ? ಅದರ ಟೈಟಾನಿಯಂ ಹಿಡಿ ಬೆಳಿಗ್ಗೆ ತಣ್ಣಗಿರುತ್ತದೆ, ಜೇಬಿನಲ್ಲಿದ್ದು ಮಧ್ಯಾಹ್ನದ ಹೊತ್ತಿಗೆ ನನ್ನ ಮೈಯಷ್ಟೇ ಬೆಚ್ಚಗಾಗುತ್ತದೆ. ಹೆಬ್ಬೆರಳು ತಾಗಿಸಿದರೆ ಸಾಕು, ಅಲಗು ನುಣ್ಣಗೆ ತಿರುಗಿ 'ಟಕ್' ಎಂದು ಕೂರುತ್ತದೆ. ಆ ಸದ್ದಿಗಾಗಿಯೇ ಟೀವಿ ನೋಡುತ್ತಾ ಸುಮ್ಮನೆ ತೆಗೆದು ಮುಚ್ಚುತ್ತಿರುತ್ತೇನೆ.

ಮೊನ್ನೆ ಕಾಗದನಗರದ ಅವಳ ತವರಿನಿಂದ ಒಂದು ಚೀಲ ಪೇರಲೆ ಹಣ್ಣು ಬಂತು. ಹೊಸಮನೆ ಬಡಾವಣೆಯ ನಮ್ಮ ಮನೆ ಮೆಟ್ಟಿಲ ಮೇಲೆ ಕೂತು, "ಎಲ್ಲಿ, ನಿಮ್ಮ ಮುದ್ದಿನ ಚಾಕು ಕೊಡಿ ನೋಡೋಣ" ಎಂದಳು. ನಾನು ಖುಷಿಯಿಂದ ಅಲಗು ಬಿಡಿಸಿ, ಹಿಡಿಯನ್ನು ಅವಳ ಕಡೆ ಚಾಚಿದೆ. ಅವಳು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಕೆಳಗಿಡಿ. ಚಾಕು ಕೈಗೆ ಕೊಟ್ರೆ ಜಗಳ ಆಗುತ್ತೆ."

"ಮದುವೆ ಆದಾಗಿಂದ ಜಗಳ ಆಡ್ತಾನೇ ಇದ್ದೀವಲ್ಲ ಮಾರಾಯ್ತಿ, ಇನ್ನೇನು ಬಾಕಿ ಇದೆ?" ಎಂದು ಸಿಡುಕಿದೆ. ಆದರೂ ಮೆಟ್ಟಿಲ ಮೇಲಿಟ್ಟೆ.

ಅವಳು ಅದನ್ನೆತ್ತಿಕೊಂಡು ಹಣ್ಣನ್ನು ಹೋಳು ಮಾಡಿದಳು. ಉಪ್ಪು ಖಾರ ಸವರಿ ಮೊದಲ ಹೋಳನ್ನು ನನ್ನ ಕೈಗೇ ಇಟ್ಟಳು.

"ಅವೆಲ್ಲ ನಾವಿಬ್ಬರೇ ಆಡಿದ ಜಗಳ," ಎಂದಳು. "ಅದರಲ್ಲಿ ಈ ಚಾಕುವಿಗೆ ಯಾಕ್ರೀ ಪಾಲು?"