ನೀರು ಬಿಟ್ಟ ದಿನದ ಟೆಸ್ಟು

ಮನೆ ಗುಡಿಸಿದೆ. ದೋಸೆಗೆ ಅಕ್ಕಿ ನೆನೆಹಾಕಿದೆ. ಯಜಮಾನರ ಡಬ್ಬಿ ಕಟ್ಟಿದೆ. ಡ್ರಮ್ಮಿನ ಹಳೇ ನೀರು ಚೆಲ್ಲಿ, ಒಳಗೆಲ್ಲ ತಿಕ್ಕಿ, ಪೈಪು ಇಳಿಬಿಟ್ಟು ನಲ್ಲಿ ತೆರೆದಿಟ್ಟೆ. ಟೆಸ್ಟಿಗೆ ಹೊರಟೆ. ಮಧ್ಯಾಹ್ನ ವಾಪಸು ಬರುವಷ್ಟರಲ್ಲಿ ಬೆಂಗೇರಿಯ ಈ ಓಣಿಗೇ ವೈರಿಯಾಗಿದ್ದೆ.

ನಮ್ಮ ಮಂಡ್ಯದವರಿಗೆ ಇದು ವಿಚಿತ್ರ ಅನ್ನಿಸಬಹುದು. ಅಲ್ಲಿ ನಮ್ಮ ಮನೆಗೆ ನೀರು ದಿನಾ ಬರುತ್ತಿತ್ತು. ಅದರ ಬಗ್ಗೆ ಮಾತೇ ಇರಲಿಲ್ಲ. ಇಲ್ಲಿ ವಾರಕ್ಕೊಮ್ಮೆ. ಬಂದ ಸದ್ದು ಕೇಳಲೆಂದು ನಲ್ಲಿ ತೆರೆದಿಡುವುದು ಇಲ್ಲಿಯ ಪದ್ಧತಿ. ಕೇಳುವವರು ಮನೆಯಲ್ಲಿರಬೇಕು ಎಂಬುದು ಅದರ ಇನ್ನರ್ಧ. ಅಂದು ಮನೆಯೊಡತಿ ಗೌರಕ್ಕ ಮಠಕ್ಕೆ ಹೋಗುವಾಗ, "ನಿಮ್ಮ ಡ್ರಮ್ ತುಂಬಿದ ಮ್ಯಾಲ ಪೈಪ್ ನಮ್ಮ ಟಾಕಿಗೆ ಹಚ್ರಿ" ಎಂದಿದ್ದರು. ನಾನು ಹೂಂ ಅಂದಿದ್ದೆ. ನೀರು ಬಿಡುವವನು ಮೂರರ ಮೇಲೆ ಎಂದಿದ್ದ. ಟೆಸ್ಟು ಒಂದಕ್ಕೆ ಮುಗಿಯುತ್ತಿತ್ತು.

ಕಾರ್ಖಾನೆಗಳ ಖರ್ಚುವೆಚ್ಚ ಲೆಕ್ಕಹಾಕಿ ದಾರಿ ಹೇಳುವವರ ಸಿಎಂಎ ಪರೀಕ್ಷೆಗೆ ನಲವತ್ತಾರನೇ ವಯಸ್ಸಿನಲ್ಲಿ ಕೂರುತ್ತಿದ್ದೇನೆ. ಯಜಮಾನರಿಗೆ ಇಲ್ಲಿಗೆ ವರ್ಗವಾದ ಮೇಲೆ ವಿದ್ಯಾನಗರದ ಕ್ಲಾಸಿಗೆ ಸೇರಿದೆ. ಈ ಟೆಸ್ಟು ಬರೆಯದಿದ್ದರೆ ಪರೀಕ್ಷೆಯ ಅರ್ಜಿಗೆ ಕ್ಲಾಸಿನವರ ಸಹಿ ಇಲ್ಲ. ಒಂದು ಪ್ರಶ್ನೆ: ತಯಾರಿಕೆಯಲ್ಲಿ ಸಹಜವಾಗಿ ಆಗುವ ನಷ್ಟ ಎಷ್ಟು, ಯಾರದೋ ಅಜಾಗರೂಕತೆಯಿಂದ ಆದದ್ದೆಷ್ಟು, ಬೇರ್ಪಡಿಸಿ ತೋರಿಸಿ. ಪೂರ್ತಿ ಬರೆದೆ. ಸಹಿ ಸಿಕ್ಕಿತು.

ಮನೆ ಮುಂದೆ ಕೆಸರು. ನೀರು ಹನ್ನೊಂದಕ್ಕೇ ಬಂದು, ಡ್ರಮ್ಮು ತುಂಬಿ, ಅಂಗಳ ದಾಟಿ ಗಟಾರಕ್ಕೆ ಹರಿದು ನಿಂತೂ ಹೋಗಿತ್ತು. ಗೌರಕ್ಕನ ಟಾಕಿ ಖಾಲಿ.

"ಏನ್ರಿ ಮಂಡ್ಯದಕ್ಕಾರ, ಗಟಾರಕ್ಕ ಅಭಿಷೇಕ ಮಾಡೀರಿ?"

"ಟೆಸ್ಟ್ ಇತ್ತು ಗೌರಕ್ಕ..."

"ಮೊಮ್ಮಕ್ಕಳನ್ನ ಆಡಸೂ ವಯಸ್ಸಿನ್ಯಾಗ ಟೆಸ್ಟ್! ಕಾರ್ಖಾನಿ ಲೆಕ್ಕ ನೋಡ್ತಾರಂತ, ಒಂದು ನಳಾ ನೋಡಾಕ ಆಗಲಿಲ್ಲ."

ಎದುರು ಮನೆಯಾಕೆ ಕಟ್ಟೆಯಿಂದಲೇ, "ಭಾಳ ಛಲೋ ಸಾಲಿ ಕಲಿಯಾಕತ್ತಾರ ಬಿಡ್ರಿ" ಎಂದಳು. ನಾಲ್ಕು ಮಂದಿ ನಕ್ಕರು.

ತಪ್ಪಾಯಿತು ಅನ್ನಬೇಕಿತ್ತು. ಆ ನಗು ಕೇಳಿ ನಾಲಿಗೆ ಬೇರೆಯದನ್ನೇ ಆಡಿತು. "ನಾನು ಓದೋಕೆ ಬಂದಿದ್ದೀನಿ, ನಿಮ್ಮ ನಲ್ಲಿ ಕಾಯೋಕಲ್ಲ."

ಗೌರಕ್ಕ ಸೆರಗು ಸಿಕ್ಕಿಸಿದರು. "ಖರೇ ಹೇಳಿದ್ರಿ. ಅಮಾಸಿ ದಾಟಿದ ಮ್ಯಾಲ ಬ್ಯಾರೆ ಮನಿ ನೋಡ್ಕೊಳ್ರಿ. ಅಲ್ಲೇ ಕುಂತು ಓದ್ರಿ."

ನಮ್ಮ ಡ್ರಮ್ಮಿನಿಂದ ಎಂಟು ಕೊಡ ಹೊತ್ತು ಅವರ ಬಾಗಿಲಿಗಿಟ್ಟೆ. ತೆಗೆದುಕೊಂಡರು. ಕೊಡ ಖಾಲಿ ಮಾಡಿ ಹೊರಗಿಟ್ಟು, ಬಾಗಿಲು ಹಾಕಿಕೊಂಡರು.

ಸಂಜೆ ಅರ್ಜಿ ತುಂಬಲು ಕೂತೆ. ವಿಳಾಸದ ಸಾಲಿಗೆ ಬಂದಾಗ ಪೆನ್ನು ನಿಂತಿತು; ಅಮಾವಾಸ್ಯೆ ದಾಟಿದರೆ ಈ ಮನೆ ನಮ್ಮದಲ್ಲ. ಊರಲ್ಲಿರುವ ತಂಗಿಯ ಮನೆಯದೇ ಬರೆಯೋಣವೆಂದು ಮಂಡ್ಯಕ್ಕೆ, ಅವಳಿಗೆ ಫೋನ್ ಮಾಡಿದೆ. ಅವಳ ಹಿಂದೆ ನೀರು ಸುರಿಯುವ ಸದ್ದು.

"ಮೊದಲು ಆ ನಲ್ಲಿ ನಿಲ್ಸೆ!" ಕೂಗಿಯೇಬಿಟ್ಟೆ.

"ಬಕೆಟ್ ತುಂಬಿ ಚೆಲ್ತಾ ಇದೆ, ಚೆಲ್ಲಲಿ ಬಿಡು. ಅದಕ್ಯಾಕೆ ಹಿಂಗೆ ಕಿರಿಚ್ತೀಯ? ಯಾವೂರೋಳಾಗ್ಬಿಟ್ಟೆ ನೀನು?"

ಸಿಟ್ಟು ಬಂತು, ಅವಳ ಮೇಲೂ. ವಿಳಾಸ ಕೇಳದೆ ಫೋನ್ ಇಟ್ಟೆ. ಆ ಸಾಲು ಖಾಲಿಯೇ ಇದೆ.

ಬೆಳಗಿನ ಅನ್ನಕ್ಕೆ ಮೊಸರು ಕಲಸಿ, ಅಂಗಡಿಯ ಕಡಕ್ ರೊಟ್ಟಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ನಲ್ಲಿ ಬಿಗಿಯಾಗಿದೆಯೇ ಎಂದು ನೋಡಿಬರುವಷ್ಟರಲ್ಲಿ ಯಜಮಾನರು ನಿದ್ದೆ ಹೋಗಿದ್ದರು.