ಹೆಂಗಸರ ಗೇಟು ಮುಚ್ಚಿದ ಸಿನಿಮಾ

ನಿಮ್ಮ ತಾತ ನಮ್ಮೂರಿನ ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ನೀವು ಅವರನ್ನು ಫೋಟೋದಲ್ಲಿ ಮಾತ್ರ ನೋಡಿದ್ದೀರಿ, ಅದಕ್ಕೇ ಇದನ್ನು ಮೊದಲು ಬರೆಯುತ್ತೇನೆ. ಬಸ್ಸಿನ ಮೇಲೆ ಬರುತ್ತಿದ್ದ ರೀಲಿನ ತಗಡಿನ ಡಬ್ಬಗಳನ್ನು ಇಳಿಸಿಕೊಂಡು ಅವರು ಮನೆಗೆ ತರುತ್ತಿದ್ದರು. ಊಟ ಮುಗಿಸಿ ಟೆಂಟಿಗೆ ಒಯ್ಯುತ್ತಿದ್ದರು. ಒಂದು ಸ್ಟುಡಿಯೊದ ಡಬ್ಬಗಳ ಮೇಲೆ ದೀಪದ ಕಂಬದ ಗುರುತು ಇರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದರಲ್ಲಿ ದೇವರ ಕಥೆ ಬರುತ್ತಿತ್ತು. ಆಮೇಲೆ ಹೊಡೆದಾಟದ್ದು ಬಂತು. ಮನೆಮನೆಗೆ ಟೀವಿ ಬಂದು ಟೆಂಟಿಗೆ ಜನ ಕಡಿಮೆಯಾದ ಮೇಲೆ ಅದೇ ದೀಪದ ಕಂಬದ ಡಬ್ಬದಲ್ಲಿ ‘ಎ’ ಸರ್ಟಿಫಿಕೇಟಿನ ಸಿನಿಮಾ ಬರತೊಡಗಿತು, ಅಂದರೆ ವಯಸ್ಕರಿಗೆ ಮಾತ್ರ.

“ಸ್ಟುಡಿಯೊದೋರು ಜನ ಏನ್ ತಿಂತಾರೆ ಅಂತ ನೋಡ್ಕೊಂಡು ಒಲೆ ಹಚ್ತಾರೆ,” ಎನ್ನುತ್ತಿದ್ದರು ನಿಮ್ಮ ತಾತ.

ನಮ್ಮ ಟೆಂಟಿನಲ್ಲಿ ಹೆಂಗಸರು ಗಿಡ್ಡ ಮಣ್ಣಿನ ಗೋಡೆಯ ಎಡಕ್ಕೆ ಕೂರಬೇಕು. ನಮಗೆ ಬೇರೆ ಗೇಟು. ‘ಎ’ ಸಿನಿಮಾ ಬಂದ ವಾರ ಆ ಗೇಟಿಗೆ ಬಿದಿರಿನ ತಟ್ಟಿ ಕಟ್ಟುತ್ತಿದ್ದರು. ಅದು ಯಾರೂ ಬರೆದಿಟ್ಟ ಕಾನೂನಲ್ಲ, ರೂಢಿ. ನನಗೆ ನಾಚಿಕೆ ಹೆಚ್ಚು, ಉಳಿದ ವಾರಗಳಲ್ಲೂ ಹೋಗುತ್ತಿದ್ದುದು ಅಪರೂಪ. ಹಾಗಾಗಿ ಪ್ರತಿ ಸಿನಿಮಾದ ಕಥೆಯನ್ನೂ ತಾತ ಊಟದ ಮುಂದೆ ಕೂತು ಹೇಳುತ್ತಿದ್ದರು. ರಾಕ್ಷಸನ ದನಿ, ಅತ್ತೆಯ ದನಿ, ಎಲ್ಲವನ್ನೂ ಅವರೇ ಆಡಿ ತೋರಿಸುತ್ತಿದ್ದರು. ತಟ್ಟಿ ಕಟ್ಟಿದ ವಾರ ಮಾತ್ರ ಮಾತಿಲ್ಲ.

“ಏನ್ ಕತೆ?” ಎಂದು ಒಮ್ಮೆ ಕೇಳಿದೆ.

“ಏನೂ ಇಲ್ಲ. ಸಾರು ಬಡಿಸು.”

ಎರಡನೇ ಸಲ ನಾನು ಕೇಳಲಿಲ್ಲ. ಅವರು ಹೋದ ಮೇಲೂ ಆ ‘ಏನೂ ಇಲ್ಲ’ ನನ್ನಲ್ಲಿ ಉಳಿದುಬಿಟ್ಟಿತು. ನನಗೆ ಹೇಳಬಾರದ್ದು ಏನೋ ಅವರ ಹತ್ತಿರ ಇತ್ತು ಅಂದುಕೊಂಡೇ ಇಷ್ಟು ವರ್ಷ ಕಳೆದೆ.

ಆಸ್ಟಿನ್ ಪಕ್ಕದ ರೌಂಡ್ ರಾಕ್‌ಗೆ, ನಿಮ್ಮ ಅಮ್ಮನ ಮನೆಗೆ ಬಂದಾಗ ಇಲ್ಲಿಗೂ ಕನ್ನಡ ಸಿನಿಮಾ ಬರುತ್ತಿತ್ತು. ಬಾಡಿಗೆಯ ಥಿಯೇಟರಿನಲ್ಲಿ ಒಂದು ಭಾನುವಾರ ಒಂದೇ ಆಟ. ಮೊದಲು ಹ್ಯೂಸ್ಟನ್, ಮರುವಾರ ಆಸ್ಟಿನ್, ಕೊನೆಗೆ ಡಲ್ಲಾಸ್. ಮೊದಮೊದಲು ಹೀರೋ ಹತ್ತು ಜನರನ್ನು ಹೊಡೆಯುವ ಸಿನಿಮಾಗಳೇ. ಮಕ್ಕಳು ಮರಿ ಎಲ್ಲ ಹೋಗಿ ಸಿಳ್ಳೆ ಹಾಕಿ ಬರುತ್ತಿದ್ದೆವು. ಒಂದೆರಡು ವರ್ಷದಲ್ಲಿ ಹುಡುಗರು ತೆಗೆದ ಸಣ್ಣ ಸಿನಿಮಾಗಳು ಬರತೊಡಗಿದವು. ಹೊಡೆದಾಟವಿಲ್ಲ, ಬರೀ ಮಾತು. ಅವುಗಳಲ್ಲಿ ಒಂದಕ್ಕೆ ‘ಎ’ ಸರ್ಟಿಫಿಕೇಟಿತ್ತು. ಫೋನಿನಲ್ಲಿ ಬಂದ ಪೋಸ್ಟರಿನ ಮೂಲೆಯಲ್ಲಿ ಅದೇ ದೀಪದ ಕಂಬ.

ಮಕ್ಕಳು ನೋಡಬಾರದ ಸಿನಿಮಾ ಬಂದರೆ ಇಲ್ಲಿ ಒಂದು ರೂಢಿ. ಎಲ್ಲ ಮಕ್ಕಳನ್ನೂ ಒಂದೇ ಮನೆಯಲ್ಲಿ ಬಿಟ್ಟು, ಅಜ್ಜಿಯರನ್ನು ಅಲ್ಲಿ ಕೂರಿಸುವುದು. ಅಜ್ಜಿಯರನ್ನು ಯಾರೂ ಕೇಳುವುದಿಲ್ಲ. ಫೋನಿನಲ್ಲಿ ಪಟ್ಟಿ ಬಂತು. ನನ್ನ ಹೆಸರು ಫ್ಲೂಗರ್‌ವಿಲ್‌ನ ಒಂದು ಮನೆಗೆ ಬಿದ್ದಿತ್ತು.

“‘ಎ’ ಸಿನಿಮಾ ಕಣಮ್ಮ, ನಿಂಗೆ ಮುಜುಗರ ಆಗತ್ತೆ. ಮಕ್ಕಳ ಜೊತೆ ಆರಾಮಾಗಿರು,” ಎಂದಳು ನಿಮ್ಮ ಅಮ್ಮ.

ನಾನು ಹೂಂ ಅಂದೆ.

ಆ ಮನೆಯಲ್ಲಿ ನನ್ನ ಜೊತೆಗಿದ್ದವರು ಧಾರವಾಡದ ಅಜ್ಜಿ. ನೀವೆಲ್ಲ ಪಿಜ್ಜಾ ತಿನ್ನುತ್ತಿದ್ದಾಗ ಅವರು, “ವಯಸ್ಕರಿಗೆ ಮಾತ್ರ ಅಂತಾರ. ನಮ್ಮ ಅರವತ್ತೈದು ಸಾಲಂಗಿಲ್ಲೇನ್ರಿ?” ಎಂದರು.

ನಾನು ನಕ್ಕೆ. ನಗುತ್ತಲೇ, “ನಂಗೆ ನೋಡೋ ಆಸೆ ಇತ್ತು,” ಎಂದುಬಿಟ್ಟೆ.

ಅವರು ತಟ್ಟೆ ಕೆಳಗಿಟ್ಟರು. “ಮತ್ತ ಮಗಳ ಮುಂದ ಹೇಳಾಕ ಏನಾಗಿತ್ರಿ? ಮುಂದಿನ ವಾರ ಡಲ್ಲಾಸ್‌ನಾಗ ಐತಿ. ಅಲ್ಲಿಗೆ ಮುಗೀತು, ಮತ್ತ ಬರಂಗಿಲ್ಲ.”

ಮನೆಗೆ ವಾಪಸು ಬರುವಾಗ ನಿಮ್ಮ ಅಮ್ಮ ಡ್ರೈವ್ ಮಾಡುತ್ತಿದ್ದಳು. ಸಿನಿಮಾ ಹೇಗಿತ್ತು ಎಂದು ಕೇಳಿದೆ.

“ಚೆನ್ನಾಗಿತ್ತಮ್ಮ. ಏನೂ ಇಲ್ಲ, ಒಂದು ಗಂಡ ಹೆಂಡತಿ ಕತೆ.”

ಮತ್ತೆ ‘ಏನೂ ಇಲ್ಲ’. ಈ ಸಲ ನಾನು ಸುಮ್ಮನಾಗಲಿಲ್ಲ. “ನಂಗೂ ನೋಡ್ಬೇಕು. ಡಲ್ಲಾಸ್‌ಗೆ ಕರ್ಕೊಂಡು ಹೋಗ್ತೀಯಾ?” ಎಂದೆ.

ಸಿಗ್ನಲ್ ಹಸಿರಾದರೂ ಅವಳು ಕಾರು ಮುಂದೆ ಬಿಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಹಿಂದಿನವರು ಹಾರನ್ ಹೊಡೆದರು.

ನಿಮ್ಮಲ್ಲಿ ದೊಡ್ಡವಳು ಹಿಂದಿನ ಸೀಟಿನಿಂದ, “ಅಜ್ಜಿ, ಇಟ್ಸ್ ಫಾರ್ ಗ್ರೋನ್-ಅಪ್ಸ್,” ಎಂದಳು.

“ನಾನೂ ಗ್ರೋನ್-ಅಪ್ಪೇ ಕಣೇ,” ಎಂದೆ. ನಿಮ್ಮ ಅಮ್ಮ ನಗುತ್ತಾ ಕಾರು ಮುಂದೆ ಬಿಟ್ಟಳು.

ಮರುವಾರ ಡಲ್ಲಾಸ್‌ಗೆ ಹೊರಟೆವು, ಮೂರು ಗಂಟೆಯ ದಾರಿ. ದಾರಿಯುದ್ದಕ್ಕೂ, ಮಧ್ಯದಲ್ಲಿ ಎದ್ದು ಬರಬೇಕು ಅನ್ನಿಸಿದರೆ ಹೇಳು ಎಂದು ಅವಳು ಮತ್ತೆ ಮತ್ತೆ ಹೇಳಿದಳು. ತೆರೆಯ ಮೇಲೆ ಮೊದಲು ದೀಪದ ಕಂಬ ಬಂತು. ಈಗ ಕಂಪ್ಯೂಟರಿನಲ್ಲಿ ಮಾಡಿದ್ದು, ಥಳಥಳ ಎನ್ನುತ್ತಾ ತಿರುಗುತ್ತಿತ್ತು. ಕಥೆ ಒಂದು ಫ್ಲ್ಯಾಟಿನದು. ನಲವತ್ತು ದಾಟಿದ ಗಂಡ ಹೆಂಡತಿ, ಒಬ್ಬರೊಡನೊಬ್ಬರು ಮಾತು ಬಿಟ್ಟವರು. ಮಲಗುವ ಕೋಣೆಯ ದೃಶ್ಯ ಒಂದಿತ್ತು. ನಿಮ್ಮ ಅಮ್ಮ ಆಗ ಪಾಪ್‌ಕಾರ್ನ್ ನೋಡುತ್ತಿದ್ದಳು, ನಾನು ತೆರೆ ನೋಡುತ್ತಿದ್ದೆ. ಅದಾದ ಮೇಲೆ ಆ ಹೆಂಗಸು ಹಾಸಿಗೆಯಲ್ಲಿ ಎದ್ದು ಕೂತು, ತನಗೆ ಏನು ಬೇಕಿತ್ತು, ಏನು ಸಿಗಲಿಲ್ಲ ಎಂದು ಗಂಡನಿಗೆ ಬಿಡಿಸಿ ಹೇಳುತ್ತಾಳೆ. ಸಭೆಯಲ್ಲಿ ಅರ್ಧಕ್ಕರ್ಧ ಹೆಂಗಸರು. ಒಬ್ಬರೂ ಸಿಳ್ಳೆ ಹಾಕಲಿಲ್ಲ.

ನಮ್ಮ ಟೆಂಟಿನಲ್ಲಿ ಗಂಡಸರಿಗಾಗಿಯೇ ಆಡಿಸಿದ ಆ ಸಿನಿಮಾಗಳಲ್ಲಿ ಹೆಂಗಸು ಇದ್ದದ್ದು ನೋಡುವುದಕ್ಕೆ. ಇಲ್ಲಿ ಅವಳು ಮಾತಾಡುತ್ತಿದ್ದಳು, ನಾವು ಕೇಳುತ್ತಿದ್ದೆವು. ದೀಪದ ಕಂಬದವರು ಕೊನೆಗೂ ನಮಗೂ ಒಂದು ಒಲೆ ಹಚ್ಚಿದ್ದರು. ಸಾರು ಬಡಿಸು ಎನ್ನುವಾಗ ನಿಮ್ಮ ತಾತ ತಲೆ ಎತ್ತುತ್ತಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಅವರು ಏನನ್ನೂ ಬಚ್ಚಿಟ್ಟಿರಲಿಲ್ಲ. ಊಟದ ಮುಂದೆ ಕೂತು ಹೆಂಡತಿಗೆ ಹೇಳುವಂಥ ಕಥೆ ಆ ಡಬ್ಬಗಳಲ್ಲಿ ಇರಲಿಲ್ಲ, ಅಷ್ಟೇ. ಇದಾಗಿದ್ದರೆ ಹೇಳುತ್ತಿದ್ದರು, ಇಬ್ಬರ ದನಿಯನ್ನೂ ಆಡಿ.

ಮಾರನೆಯ ದಿನ ಧಾರವಾಡದ ಅಜ್ಜಿ ಫೋನ್ ಮಾಡಿದರು. “ಏನಿತ್ರಿ ಅದರಾಗ?”

ನಾನು ಕುಕ್ಕರ್ ಆರಿಸಿ ಕುರ್ಚಿ ಎಳೆದುಕೊಂಡೆ. ದೀಪದ ಕಂಬದಿಂದ ಶುರುಮಾಡಿ ಪೂರಾ ಹೇಳಿದೆ, ಗಂಡನ ದನಿ, ಹೆಂಡತಿಯ ದನಿ ಎಲ್ಲ ಸೇರಿಸಿ. ಮಲಗುವ ಕೋಣೆ ಬಂದಾಗ ಸ್ವಲ್ಪ ದನಿ ತಗ್ಗಿಸಿದೆ. ಬಿಡಲಿಲ್ಲ.