ಈಸ್ಟರ್ ಅತ್ತರು, ಎತೆಲ್ಕಾಳ ಇಲಿಗಳು

ಸೆಗೆಡ್ ನಗರದ ಒಂದು ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಎತೆಲ್ಕಾ ಇಪ್ಪತ್ತಾರು ವರ್ಷದಿಂದ ಬಿಳಿ ಇಲಿಗಳನ್ನು ಸಾಕುತ್ತಿದ್ದಳು. ಎಲ್ಲರೂ ಅವಳನ್ನು ಗೌರವದಿಂದ ನೇನಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಇದೆಂಥ ಕೆಲಸವೆಂದು ಮೂಗು ಮುರಿಯುವವರಿಗೆ ಅವಳ ಉತ್ತರ ಸಿದ್ಧವಿತ್ತು: "ನನ್ ಗಂಡನ್ನೇ ಹನ್ನೊಂದು ವರ್ಷ ಸಾಕ್ದೋಳು ನಾನು, ಇಲಿ ಯಾವ ಮಹಾ!" ಆ ಗಂಡ ತೀರಿಕೊಂಡ ಮೇಲೆ ಅವಳಿಗೆ ಸಂಸಾರವೆಂದರೆ ಆ ಪಂಜರಗಳೇ. ಯಾರಾದರೂ ಇಲಿಯನ್ನು ಬಾಲ ಹಿಡಿದು ಎತ್ತಿದರೆ, ಡಾಕ್ಟರಾಗಲಿ ಡೈರೆಕ್ಟರಾಗಲಿ, ಕೈಮೇಲೆ ಪಟ್ಟನೆ ಒಂದು ಏಟು ಬೀಳುತ್ತಿತ್ತು.

೧೯೮೮ರ ವಸಂತದಲ್ಲಿ ಬೊರೋಕಾ ಎಂಬ ಯುವ ಸಂಶೋಧಕಿ ಭಯ ಕಳೆಯುವ ಹೊಸ ಔಷಧಿಯೊಂದನ್ನು ಪರೀಕ್ಷಿಸುತ್ತಿದ್ದಳು. ಸೊಂಟದೆತ್ತರಕ್ಕೆ ನಿಲ್ಲಿಸಿದ ಕೂಡು ಚಿಹ್ನೆಯಾಕಾರದ ಹಲಗೆ; ಎರಡು ತೋಳಿಗೆ ಗೋಡೆ, ಇನ್ನೆರಡು ಬಟಾಬಯಲು. ಅಂಜುಬುರುಕ ಇಲಿ ಗೋಡೆಯ ನಡುವೆಯೇ ಕೂರುತ್ತದೆ. ಔಷಧಿ ಹಿಡಿದರೆ ಬಯಲಿಗೆ ಬಂದು ಅಂಚಿನಿಂದ ಕೆಳಗೆ ಇಣುಕುತ್ತದೆ. ಬೊರೋಕಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಗಡಿಯಾರ ಹಿಡಿದು ಲೆಕ್ಕ ಬರೆಯುತ್ತಿದ್ದಳು.

ಈಸ್ಟರ್ ಸೋಮವಾರ ಬಂತು. ಅಲ್ಲಿನ ಪದ್ಧತಿಯಂತೆ ಗಂಡಸರು ಮನೆಮನೆಗೆ ಹೋಗಿ ಹೆಂಗಸರ ತಲೆಗೆ ಅತ್ತರು ಚಿಮುಕಿಸಿ, ಹಂದಿಮಾಂಸ, ಮೊಟ್ಟೆ ತಿಂದು, ಒಂದೆರಡು ಗುಟುಕು ಪಾಲಿಂಕಾ ಎಂಬ ಹಣ್ಣಿನ ಸಾರಾಯಿ ಏರಿಸುವ ದಿನ. ಎತೆಲ್ಕಾಳಿಗೆ ಆ ಅತ್ತರಿನ ವಾಸನೆ ಕಂಡರಾಗದು. ಹಾಗಾಗಿ ಪ್ರತಿವರ್ಷ ಆ ದಿನದ ಪಾಳಿಯನ್ನು ತಾನೇ ಕೇಳಿ ಪಡೆದು ಇಲಿಗಳ ಜೊತೆ ಹಾಯಾಗಿರುತ್ತಿದ್ದಳು.

ಮಂಗಳವಾರ ಪರೀಕ್ಷೆ ನಡೆಯಿತು. ಔಷಧಿ ಪಡೆದವೂ ಸೇರಿ ಇಪ್ಪತ್ತನಾಲ್ಕು ಇಲಿಗಳಲ್ಲಿ ಒಂದೂ ಬಯಲಿಗೆ ಕಾಲಿಡಲಿಲ್ಲ. ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಬಾರ್ನಾ ದಡದಡ ಕೆಳಗಿಳಿದು ಬಂದರು.

"ಎತೆಲ್ಕಾ ನೇನಿ, ನಿನ್ನೆ ಇಲ್ಲಿದ್ದೋರು ನೀವೊಬ್ರೇ. ಇಲಿಗಳನ್ನ ಏನ್ ಮಾಡಿ ಹೆದರಿಸಿದ್ರಿ?"

"ಹೆದರ್ಸೋದಾ? ನಾನಾ?"

"ವಯಸ್ಸಾಯ್ತು, ಕೈ ನಡುಗತ್ತೆ. ಮುಂದಿನ್ ವಾರದಿಂದ ಬಟ್ಟೆ ಒಗೆಯೋ ಕಡೆ ಹೋಗಿ."

ಎತೆಲ್ಕಾಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತನ್ನ ಕೈಗೆ ಹೆದರಿದ ಇಲಿ ಇದುವರೆಗೆ ಹುಟ್ಟಿಲ್ಲ! ಪಂಜರ ತೆಗೆದು ಅಂಗೈಯಲ್ಲಿ ಸೂರ್ಯಕಾಂತಿ ಬೀಜ ಚಾಚಿದಳು. ಇಲಿ ಬಂದು ನೆಮ್ಮದಿಯಾಗಿ ತಿನ್ನತೊಡಗಿತು. ಅಷ್ಟರಲ್ಲಿ ಸಮಾಧಾನ ಹೇಳಲು ಬಂದ ಬೊರೋಕಾ ಬಗ್ಗಿದಳು. ಇಲಿ ಬೀಜ ಬಿಟ್ಟು ಮೂಲೆಗೆ ಓಡಿ ಕಲ್ಲಿನಂತೆ ಕೂತಿತು.

ಎತೆಲ್ಕಾ ಹುಡುಗಿಯ ಜಡೆ ಹಿಡಿದೆಳೆದು ಮೂಸಿದಳು.

"ಅಯ್ಯೋ ನಿನ್ನ! ನಮ್ಗೇ ತಲೆ ಸುತ್ತತ್ತೆ, ಪಾಪ ಇವಕ್ಕೆ ಹೇಗಾಗ್ಬೇಡ?"

"ಎರಡ್ ಸಲ ತೊಳ್ದೆ ನೇನಿ, ಹೋಗ್ಲಿಲ್ಲ. ಬಾರ್ನಾ ಸರ್ ನಿನ್ನೆ ಮನೆಗ್ ಬಂದು ಅರ್ಧ ಬಾಟ್ಲಿ ಸುರಿದ್ಬಿಟ್ರು."

ಎತೆಲ್ಕಾ ನೇರ ಮೇಲೆ ಹೋದಳು. ಎಲ್ಲರೂ ಕಾಫಿ ಕುಡಿಯುತ್ತಿದ್ದ ಕೋಣೆಯಲ್ಲೇ ನಿಂತು ಹೇಳಿದಳು: "ಇಲಿ ಹೆದರಿದ್ದು ನಿಮ್ಮ ಅತ್ತರಿಗೆ ಸರ್. ಹೊಸಾ ಇಲಿ ಕೊಡ್ತೀನಿ, ಇನ್ನೊಂದ್ಸಲ ಪರೀಕ್ಷೆ ಮಾಡಿ. ಪಂಜರ ಹೊತ್ತು ತರೋದು ಇದೇ ನಡುಗೋ ಕೈ. ನಾನ್ ಸೋತ್ರೆ ಬಟ್ಟೆ ಒಗ್ಯೋಕಲ್ಲ, ಸೀದಾ ಮನೆಗೇ ಹೋಗ್ತೀನಿ."

ಬಾರ್ನಾ ಒಪ್ಪಿ, ವರ್ಗಾವಣೆಯ ಕಾಗದವನ್ನು ಅಲ್ಲಿಯವರೆಗೆ ತಡೆಹಿಡಿದರು. ಬೊರೋಕಾ ದಿನವೂ ತಲೆ ತೊಳೆದು ವಾಸನೆ ಪೂರ್ತಿ ಬಿಡಿಸಿಕೊಂಡಳು. ಮುಂದಿನ ಶುಕ್ರವಾರ ಬೆಳಿಗ್ಗೆ ಹದಿನಾರು ಇಲಿಗಳನ್ನು ಎತೆಲ್ಕಾ ಒಂದೊಂದಾಗಿ ಹೊತ್ತು ತಂದಳು. ಮೊದಲೆರಡು ಗೋಡೆಗೆ ಅಂಟಿಕೊಂಡವು. ಎತೆಲ್ಕಾ ಬಾಗಿಲ ಬಳಿಯಿಂದಲೇ ಕತ್ತು ಚಾಚಿದಳು. ಮೂರನೆಯದು ಮೂತಿ ಹೊರಹಾಕಿ, ಮೀಸೆ ಅಲ್ಲಾಡಿಸಿ, ಠೀವಿಯಿಂದ ಬಯಲಿಗೆ ನಡೆದು ಅಂಚಿನಿಂದ ಕೆಳಗೆ ಇಣುಕಿತು. ಹದಿನಾರರಲ್ಲಿ ಏಳು ಹೊರಬಂದವು. ಯಾವುದಕ್ಕೆ ಔಷಧಿ, ಯಾವುದಕ್ಕೆ ಬರೀ ನೀರು ಎಂದು ಮೊದಲೇ ಬರೆದು ಮುಚ್ಚಿಟ್ಟಿದ್ದ ಗುಟ್ಟಿನ ಪಟ್ಟಿ ತೆರೆದರೆ ಆ ಏಳಕ್ಕೂ ಔಷಧಿ ಚುಚ್ಚಲಾಗಿತ್ತು! ಮಧ್ಯಾಹ್ನ ಬೊರೋಕಾಳ ಕುರ್ಚಿಗೆ ಅತ್ತರು ಅದ್ದಿದ ಹತ್ತಿ ಕಟ್ಟಿ, ಬೇರೆ ಹದಿನಾರನ್ನು ಬಿಟ್ಟರು. ಔಷಧಿ ಅದೇ, ಹೊತ್ತು ತಂದ ಕೈ ಅದೇ. ಒಂದೂ ಹೊರಬರಲಿಲ್ಲ.

ಬೊರೋಕಾ ಎತೆಲ್ಕಾಳನ್ನು ತಬ್ಬಿಕೊಂಡು ಗಳಗಳ ಅತ್ತಳು. ಬಾರ್ನಾ ವರ್ಗಾವಣೆಯ ಕಾಗದ ಹರಿದರು. ಆಮೇಲೆ, ಅವರ ದೊಡ್ಡತನವನ್ನೂ ಹೇಳಲೇಬೇಕು, ನೆಲಮಾಳಿಗೆಯ ಬಾಗಿಲಿಗೆ ತಾವೇ ಒಂದು ಚೀಟಿ ಅಂಟಿಸಿದರು: ಎತೆಲ್ಕಾ ಅವರ ಒಪ್ಪಿಗೆಯಿಲ್ಲದೆ ಯಾರೂ ಒಳಗೆ ಬರಕೂಡದು.

ಸೋಮವಾರ ಬೆಳಿಗ್ಗೆ ಶಿಷ್ಯರನ್ನು ಹಿಂದಿಟ್ಟುಕೊಂಡು ಮೊದಲು ಬಂದವರೂ ಅವರೇ.

"ನಿಲ್ಲಿ," ಎಂದಳು ಎತೆಲ್ಕಾ. ಕೋಟಿನ ಕಾಲರ್ ಹಿಡಿದು ಬಗ್ಗಿಸಿ, ಕಿವಿಯ ಹಿಂದೆ ಮೂಸಿದಳು. "ಶೇವಿಂಗ್ ಸೋಪು. ತೊಳ್ಕೊಂಡ್ ಬನ್ನಿ."

ಇಡೀ ವಿಭಾಗ ನೋಡುತ್ತಿರುವಂತೆಯೇ ಪ್ರೊಫೆಸರ್ ಬಾರ್ನಾ ಮುಖ ತೊಳೆಯಲು ಮೆಟ್ಟಿಲು ಹತ್ತಿದರು.